ಒಂದೇ ಸಿಲಿಂಡರಿನ ಜಟ್ಟಿ

ಹೆಣ್ಣು ನೋಡಲು ಬಾಡಿಗೆ ಕಾರಿನಲ್ಲಿ ಹೋಗುವ ಪೈಕಿ ನಾನಲ್ಲ. ನನ್ನ ಬೈಕಿನಲ್ಲೇ ಹೋದೆ. ಅದರ ಗುಡುಗಿಗೆ ಅವರ ಬೀದಿಯ ತೆಂಗಿನಮರಗಳಿಂದ ಎಳನೀರು ಉದುರಿದವು.

ಉಪ್ಪಿಟ್ಟು ಮುಗಿಯುವವರೆಗೂ ಹುಡುಗಿಯ ಅಪ್ಪನಿಗೂ ನನಗೂ ಬೈಕಿನದೇ ಮಾತು. ತಟ್ಟೆ ಕೊಟ್ಟು ಅಂಗಳಕ್ಕೆ ಹೋದ ಹುಡುಗಿಯ ಮುಖವನ್ನೂ ನಾನು ಸರಿಯಾಗಿ ನೋಡಲಿಲ್ಲ.

"ಅಷ್ಟು ದೊಡ್ಡ ಗಾಡಿಗೆ ಒಂದೇ ಸಿಲಿಂಡರಾ?"

"ಜಟ್ಟಿಗೆ ಎಷ್ಟು ಗುಂಡಿಗೆ ಬೇಕು ಮಾವ? ಪಿಸ್ಟನ್ನೇ ಬಿಂದಿಗೆ ಗಾತ್ರ ಇದೆ! ಮೈಮೇಲೆ ಪ್ಲಾಸ್ಟಿಕ್ ಅಂಗಿ ಇಲ್ಲ, ಎಂಜಿನ್ ಬರಿಮೈಯಲ್ಲಿ ಎದೆಯುಬ್ಬಿಸಿ ನಿಂತಿರುತ್ತೆ."

"ಕೆಡೋದೇ ಇಲ್ವಾ?"

"ಇದೇನಾದ್ರೂ ಕೆಟ್ಟು ನಿಂತರೆ ನಿಮ್ಮ ಮಗಳನ್ನ ನನಗೆ ಕೊಡಲೇಬೇಡಿ!"

ಹೊರಡುವಾಗ ನೋಡಲು ಇಡೀ ಬೀದಿ ನೆರೆದಿತ್ತು. ಸ್ಟಾರ್ಟರ್ ಒತ್ತಿದೆ. ಜಟ್ಟಿ ಕೆಮ್ಮಲೂ ಇಲ್ಲ. ಟ್ಯಾಂಕ್ ಅಲ್ಲಾಡಿಸಿದೆ, ಪ್ಲಗ್ಗಿನ ಕ್ಯಾಪ್ ತೆಗೆದು ಊದಿದೆ, ಮತ್ತೆ ಒತ್ತಿದೆ. ನನ್ನ ಬೆವರಿನಲ್ಲಿ ಎರಡೆಕರೆ ಭತ್ತ ಬೆಳೆಯಬಹುದಿತ್ತು.

"ಆಡಿದ ಮಾತು ನೆನಪಿದೆ ತಾನೆ?" ಎಂದು ಮೀಸೆಯಲ್ಲೇ ನಗುತ್ತಾ ಹುಡುಗಿಯ ಅಪ್ಪ ಮೆಕ್ಯಾನಿಕ್‌ಗೆ ಫೋನ್ ಮಾಡಲು ಒಳಗೆ ಹೋದರು.

ಹುಡುಗಿ ನೀರಿನ ಲೋಟ ಹಿಡಿದು ಪಕ್ಕದಲ್ಲಿ ಬಂದು ನಿಂತಳು.

"ಕೆಟ್ಟಿಲ್ಲ, ಗಾಬರಿ ಬೀಳಬೇಡಿ," ಎಂದು ಮೆಲ್ಲಗೆ ಹೇಳಿ ಹ್ಯಾಂಡಲ್ ಮೇಲಿನ ಕೆಂಪು ಸ್ವಿಚ್ಚು ತೋರಿಸಿದಳು. ಎಂಜಿನ್ ನಿಲ್ಲಿಸುವ ಆ ಸ್ವಿಚ್ಚನ್ನು ಯಾರೋ ಆಫ್ ಮಾಡಿದ್ದರು.

"ಯಾರ ಕೆಲಸ ಇದು?"

"ನಂದೇ. ನೀವು ನಮ್ಮಪ್ಪನ್ನ ನೋಡಿ ಹೊರಟೇಬಿಟ್ರಿ. ನಾನು ಗಂಡು ನೋಡೋದು ಬೇಡ್ವಾ?"