ಕಲ್ಲುಗೋಪುರದ ತೋಪು

ಇಂದ್ರಮ್ಮ ಕಲ್ಲಿನ ಗೋಪುರದಿಂದ ಒಂದೊಂದೇ ಕಲ್ಲು ತೆಗೆದು ಕೆಡವುತ್ತಿದ್ದುದನ್ನು ಕಂಡು ಪ್ರೀತಂಗೆ ಮೈಯೆಲ್ಲ ಉರಿದುಹೋಯಿತು. ಬೈಕು ನಿಲ್ಲಿಸಿದವನೇ ಓಡಿದ.

"ಏಯ್, ಏನಮ್ಮಾ ಮಾಡ್ತಿದ್ದೀಯ? ಬುಡಮ್ಮಾ ಆ ಕಲ್ಲ! ಜನ ನೋಡ್ಲಿ ಅಂತ ಜೋಡಿಸಿರೋದು ಅದು."

ಐವತ್ತು ದಾಟಿದ ಹೆಂಗಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಪಕ್ಕದಲ್ಲಿ ಒಂದು ಪುಟ್ಟ ಚೊಂಬು. ತಿರುಗಿಯೂ ನೋಡಲಿಲ್ಲ.

ಮಳವಳ್ಳಿಯಿಂದ ಒಳದಾರಿ ಹಿಡಿದರೆ ಗುಡ್ಡದ ಹಿಂದೆ ಸಿಗುವ ಈ ಹುಣಸೆ ತೋಪನ್ನು ಮೊಬೈಲಿನ ಮ್ಯಾಪಿಗೆ ಹಾಕಿದವನೇ ಪ್ರೀತಂ. ವಿ.ಸಿ. ಫಾರಂ ಕೃಷಿ ಕೇಂದ್ರದಲ್ಲಿ ಗುಮಾಸ್ತನ ಕೆಲಸ. ಭಾನುವಾರ ಬಂತೆಂದರೆ ಜಿಪಿಎಸ್ ಹಿಡಿದು ಯಾರೂ ಕಾಣದ ಬಂಡೆ, ಝರಿ, ಕೊಳ ಹುಡುಕುವ ಹುಚ್ಚು. ಹುಚ್ಚೆಂದರೆ ಒಳ್ಳೆಯ ಹುಚ್ಚೇ ಬಿಡಿ, ಕುಡಿತವಿಲ್ಲ, ಇಸ್ಪೀಟಿಲ್ಲ. ಹೋದ ವರ್ಷ ಬೇಸಿಗೆಯಲ್ಲಿ ಇಲ್ಲಿ ಚೆಲ್ಲಿಬಿದ್ದಿದ್ದ ಕಲ್ಲುಗಳನ್ನು ಒಂದರ ಮೇಲೊಂದಿಟ್ಟು, ಫೋಟೋ ತೆಗೆದು, 'ಕಲ್ಲುಗೋಪುರದ ತೋಪು' ಅಂತ ಹೆಸರು ಕೊಟ್ಟಿದ್ದ. ಆಮೇಲೆ ಬಂದವರೆಲ್ಲ ತಮ್ಮದೂ ಒಂದಿರಲಿ ಎಂದು ಕಟ್ಟಿದರು. ಈಗ ನಲವತ್ತರ ಮೇಲಿವೆ.

"ಈ ಜಾಗ ಕಂಡುಹಿಡಿದೋನೇ ಇವ್ನು ಕಣಮ್ಮ," ಎಂದ ಜೊತೆಗೆ ಬಂದಿದ್ದ ಗೆಳೆಯ ತೇಜು, ತಾನೇ ಕಂಡುಹಿಡಿದಷ್ಟು ಹೆಮ್ಮೆಯಿಂದ.

ಆಗ ತಿರುಗಿದಳು. "ನೀನೇನಪ್ಪಾ? ಸದ್ಯ, ಸಿಕ್ದೆಯಲ್ಲ! ನಮ್ಮನೆ ಒರಳ ಗುಂಡು, ಅರ್ಧ ಒಡೆದಿದ್ದು, ಇಲ್ಲೊಂದಿತ್ತು. ಅದ್ನ ಎಲ್ಲಿಂದ ಎತ್ಕಂಡೆ, ಯೋಳು."

"ಒಂದು ಕಲ್ಲಿಗೆ ಇಷ್ಟೊಂದಾ..."

"ಕಲ್ಲು ಯಾಕಪ್ಪಾ ನಂಗೆ? ಅದರ ಕೆಳಗೆ ನನ್ ಮಗ ಅವ್ನೆ."

ಹೆಸರಿಡುವ ಮೊದಲೇ ತೀರಿಕೊಂಡ ಕೂಸುಗಳನ್ನು ಅವರೂರಿನವರು ಹೂಳುವುದು ಈ ತೋಪಿನಲ್ಲೇ. ನರಿ ಕೆದಕದಿರಲೆಂದು ಮೇಲೊಂದು ಕಲ್ಲು, ಗುರುತಿಗೆಂದು ಅವರವರ ಮನೆಯದೇ. ಬೇರೆ ಹೊತ್ತಿನಲ್ಲಿ ಊರವರಾರೂ ಈ ಕಡೆ ತಲೆ ಹಾಕುವುದಿಲ್ಲ.

"ಒಂಬತ್ತು ದಿನ ಇತ್ತು ನಮ್ದು," ಎಂದಳು ಇಂದ್ರಮ್ಮ. "ಮಾರ್ಲಮಿ ಅಮಾಸೆಗೆ ಮನೇಲಿ ಇರೀಕರಿಗೆ ಎಡೆ ಇಕ್ತೀವಿ. ಕೂಸಿಗೆ ಎಡೆ ಇಲ್ಲ. ಅದ್ಕೇ ಇಲ್ಲಿಗೇ ಬಂದು ಒಂದು ಗುಟುಕು ಆಲು ಬುಟ್ಟು ಓಯ್ತಿದ್ದೆ, ಇಪ್ಪತ್ತೆರಡು ವರ್ಸ. ಓದ್ ವರ್ಸ ಬಂದು ನೋಡಿದ್ರೆ ಒಂದು ಕಲ್ಲೂ ಇದ್ದಲ್ಲಿಲ್ಲ. ಅತ್ಕಂಡು ಆಲ ವಾಪಸ್ ತಕಂಡೋದೆ."

ಪ್ರೀತಂಗೆ ನಾಚಿಕೆಯಿಂದ ನೆಲಕ್ಕಿಳಿದುಹೋದಂತಾಯಿತು. ಗಡಿಬಿಡಿಯಲ್ಲಿ ಶೂ ಬಿಚ್ಚಿದ. ಬಿಚ್ಚಿದ ಮೇಲೆ ಕಾಲು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ತೇಜು ಆಗಲೇ ಹಿಂದೆ ಹಿಂದೆ ಸರಿದು ರಸ್ತೆ ಸೇರಿಕೊಂಡಿದ್ದ.

ಪ್ರೀತಂ ಮೊಬೈಲು ತೆಗೆದು ಹಳೆಯ ಫೋಟೋ ಹುಡುಕಿದ. ಮೊದಲ ಗೋಪುರದ ಬುಡದಲ್ಲೇ ಇತ್ತು, ಅರ್ಧ ಒಡೆದ ಗುಂಡು.

"ಇದೇ! ಇದೇ ಕಣಪ್ಪ!" ಇಂದ್ರಮ್ಮ ಗಾಜಿನ ಮೇಲೆ ಬೆರಳಿಟ್ಟಳು.

"ನಾನು ಮೊದಲು ಎತ್ತಿದ ಕಲ್ಲೇ ಅದಮ್ಮಾ. ಮ್ಯಾಪಿಗೆ ಹಾಕೋಕೆ ಅಂತ, ಎತ್ತಿದ ಕೂಡಲೇ ಅಲ್ಲೇ ನಿಂತು ಜಿಪಿಎಸ್‌ನಲ್ಲಿ ಗುರುತು ಹಾಕಿದ್ದೆ. ಬಾ, ತೋರಿಸ್ತೀನಿ."

ಪರದೆಯ ಮೇಲಿನ ಚುಕ್ಕೆ ನೋಡಿಕೊಂಡು ಒಂದೊಂದೇ ಹೆಜ್ಜೆ ಇಟ್ಟ. ಹಾಲಿನ ಚೊಂಬು ಹಿಡಿದು ಇಂದ್ರಮ್ಮ ಹಿಂದೆ ಬಂದಳು. ಎರಡು ಮರ ದಾಟಿದ ಮೇಲೆ ನಿಂತ.

"ಇಲ್ಲೇ ಅಮ್ಮಾ."

ಅವಳು ಕುಕ್ಕರುಗಾಲಲ್ಲಿ ಕೂತು ಚೊಂಬು ಬಗ್ಗಿಸಿದವಳು, ತಡೆದಳು. "ದಿಟವಾಗ್ಲೂ ಇಲ್ಲೇನಾ?"

ಹೌದು ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅವನ ಬಾಯಿಂದ ಸುಳ್ಳು ಹೊರಡಲಿಲ್ಲ. "ಈ ಚುಕ್ಕೆ ಸ್ವಲ್ಪ ಅತ್ತಿತ್ತ ಆಗ್ಬೌದಮ್ಮಾ... ಈ ಕಡೆಗೊಂದು ನಾಲ್ಕೆಜ್ಜೆ, ಆ ಕಡೆಗೊಂದು ನಾಲ್ಕೆಜ್ಜೆ."

ಇಂದ್ರಮ್ಮ ಸುತ್ತಲೂ ನೋಡಿದಳು. ತುಟಿ ಅಲುಗುತ್ತಿತ್ತು. ಊರಿನ ಒಬ್ಬೊಬ್ಬ ತಾಯಿಯ ಹೆಸರನ್ನೂ ಬೆರಳು ಮಡಿಚಿ ಎಣಿಸಿದಳು.

"ನಾಲ್ಕೆಜ್ಜೇಲಿ ಏಳು ಕೂಸವೆ ಕಣಪ್ಪ," ಎಂದಳು. "ಯಾವುದ್ನ ನನ್ದು ಅನ್ಲಿ?"