ಗೋಡೆಯಾಚೆಯ ಕೆಮ್ಮು

ಎಲಿಯೋ ಬಾಗಿಲು ತೆರೆದಾಗ ಪಕ್ಕದ ಮನೆಯ ಸಬ್ರಿಯ ತಮ್ಮ ಜೆಮಾಲ್ ನಿಂತಿದ್ದ. ಅವನ ಹಿಂದೆ, ಮೆಟ್ಟಿಲ ಮೇಲೆ, ಕಪ್ಪು ಕೋಟಿನ ಮುದುಕರು ಕುರ್ಚಿಗಳನ್ನು ಹೊತ್ತು ನಿಂತಿದ್ದರು.

"ಅಣ್ಣ ಆಸ್ಪತ್ರೆಯಲ್ಲೇ ಹೋಗಿಬಿಟ್ಟ. ನಿನ್ನೆ ಸಂಜೆ ಮಣ್ಣು ಮಾಡಿ ಬಂದ್ವಿ," ಎಂದ ಜೆಮಾಲ್. "ಹೆಂಗಸರು ಆ ಮನೇಲಿ ಕೂತಿದಾರೆ. ಗಂಡಸರಿಗೆ ನಿನ್ನ ಮನೆ."

"ಇವತ್ತು ಬೇಡ ಚಿಕ್ಕಪ್ಪ. ಹತ್ತು ಗಂಟೆಗೆ ನನಗೆ ಕೆಲಸ ಇದೆ."

"ಮಾಡ್ಕೋ, ಯಾರು ಬೇಡ ಅಂದರು? ಎಂಟು ತಿಂಗಳಿಂದ ನೋಡ್ತಿದೀನಿ, ಕೆಲಸ ಅಂದರೆ ನೀನು ಗೋಡೆ ಜೊತೆ ಮಾತಾಡೋದು. ನಾವೇನು ಅಡ್ಡ ಬರ್ತೀವಾ?"

ಅವನ ಅಪ್ಪಣೆಗೆ ಯಾರೂ ಕಾಯಲಿಲ್ಲ. ಇಟಲಿಯಿಂದ ಸಮುದ್ರದಾಚೆಗಿರುವ ಈ ವ್ಲೋರಾ ಊರಿನಲ್ಲಿ ಸಾವಾದ ಮನೆಗೆ ಜಾಗ ಸಾಲದಿದ್ದರೆ ಪಕ್ಕದ ಮನೆ ತಾನಾಗಿಯೇ ತೆರೆದುಕೊಳ್ಳಬೇಕು. ಮುದುಕರು ಬಾಗಿಲಿನಿಂದ ಕಿಟಕಿಯವರೆಗೆ ಗೋಡೆಯುದ್ದಕ್ಕೂ ಕುರ್ಚಿ ಹಾಕಿ ಕೂತು ಸಿಗರೇಟು ಹಚ್ಚಿದರು. ಬಾಗಿಲ ಪಕ್ಕದ ಮೊದಲ ಕುರ್ಚಿ ಸತ್ತವನ ಮಗನದು. ಬಂದವರು ಮೊದಲು ಅವನ ಕೈ ಹಿಡಿಯುತ್ತಾರೆ. ಸಬ್ರಿಗೆ ಮಕ್ಕಳಿರಲಿಲ್ಲ, ಅಲ್ಲಿ ಜೆಮಾಲ್ ಕೂತ. ಅಡುಗೆಮನೆಯಲ್ಲಿ ಯಾರೋ ಆಗಲೇ ಕಾಫಿಗೆ ನೀರಿಟ್ಟಿದ್ದರು.

ಅಡುಗೆಮನೆ ಬಿಟ್ಟರೆ ಎಲಿಯೋಗೆ ಇರುವುದು ಒಂದೇ ಕೋಣೆ. ಇಟಲಿಯ ಕಂಪನಿ ಅವನಿಗೆ ಕೆಲಸ ಕೊಟ್ಟದ್ದು ಪಾದೊವಾ ಊರಿನ ಅವನ ಮನೆಯಲ್ಲೇ ಕೂತು ಮಾಡಬೇಕೆಂಬ ಕರಾರಿನ ಮೇಲೆ. ಅಲ್ಲಿ ಒಂದು ಕತ್ತಲೆ ಕೋಣೆಗೆ ಕೊಡುವ ಬಾಡಿಗೆಗೆ ಇಲ್ಲಿ ಕಿಟಕಿ ತುಂಬ ಸಮುದ್ರ ಸಿಗುತ್ತದೆಂದು ಅವನು ಯಾರಿಗೂ ಹೇಳದೆ ಬಂದುಬಿಟ್ಟಿದ್ದ. ಸಬ್ರಿಯ ಕೆಮ್ಮು ಗೋಡೆ ದಾಟಿ ಬಂದಾಗಲೆಲ್ಲ ಕಂಪ್ಯೂಟರಿಗೆ, "ನಮ್ಮ ತಂದೆ ಮೇಡಂ, ಪಕ್ಕದ ಕೋಣೇಲಿದಾರೆ," ಎನ್ನುತ್ತಿದ್ದ. ಒಂದು ವಾರದಿಂದ ಆ ಕೆಮ್ಮು ಇಲ್ಲದೆ ಅವನಿಗೆ ನೆಮ್ಮದಿಯಾಗಿತ್ತು, ಕಾರಣ ಕೇಳಿರಲಿಲ್ಲ. ಇವತ್ತು ಕರಾರು ಮುಂದುವರಿಯುವುದೋ ಮುಗಿಯುವುದೋ ತೀರ್ಮಾನವಾಗುವ ದಿನ.

ಅವನು ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತು, ಕಿವಿಗೆ ವೈರು ಸಿಕ್ಕಿಸಿಕೊಂಡ. ಪರದೆಯ ಮೇಲೆ ಕಂಪನಿಯ ಮೇಡಂ ಮೂಡಿದಳು.

"ಏನು ಎಲಿಯೋ, ಅಷ್ಟು ಹೊಗೆ?"

"ಒಲೆ ಮೇಲೆ ಏನೋ ಸೀದುಹೋಯ್ತು ಮೇಡಂ."

"ತಂದೆ ಹೇಗಿದಾರೆ? ಈ ವಾರ ಕೆಮ್ಮು ಕೇಳಿಸಲೇ ಇಲ್ಲ."

ಎದುರಿಗೆ ಮುದುಕರು ತಲೆ ತಗ್ಗಿಸಿ ಕೂತಿದ್ದರು.

"ವಾಸಿಯಾಗಿದಾರೆ," ಎಂದ ಎಲಿಯೋ.

ಅಷ್ಟರಲ್ಲಿ ಮನೆಯ ಯಜಮಾನನಾದ ಎಲಿಯೋಗೂ ಒಂದು ಸಿಗರೇಟು ಕೊಡೋಣವೆಂದು ತಟ್ಟೆ ಹಿಡಿದು ಜೆಮಾಲ್ ಮೂಲೆಗೆ ಬಂದ. ಪರದೆಯಲ್ಲಿ ಹೆಂಗಸಿನ ಮುಖ ಕಂಡದ್ದೇ ಬಲಗೈಯನ್ನು ಎದೆಗೊತ್ತಿ ಬಾಗಿದ. ಊರಿನ ಅರ್ಧ ಜನ ಸಮುದ್ರದಾಚೆ ದುಡಿಯುವವರು. ಸಾವಿಗೆ ಬರಲಾಗದವರು ಹೀಗೇ ಫೋನಿನಲ್ಲಿ ಮುಖ ತೋರಿಸುತ್ತಾರೆ. ಅವರನ್ನು ಎಲ್ಲರ ಮುಂದೆ ಹಿಡಿದು ತೋರಿಸಬೇಕಾದದ್ದು ಮರ್ಯಾದೆ.

"ಇಟಲಿಯಿಂದ ಬಂದಿದಾರೆ," ಎಂದು ಸಾಲಿಗೆ ಹೇಳಿ ಜೆಮಾಲ್ ಕಂಪ್ಯೂಟರನ್ನು ಎತ್ತಿಕೊಂಡ. ವೈರು ಕಿತ್ತುಬಂತು. ಮುದುಕರೆಲ್ಲ ಎದ್ದು ಎದೆಗೆ ಕೈಯಿಟ್ಟರು.

"ಚಿಕ್ಕಪ್ಪ, ಇಲ್ಲಿ ಕೊಡಿ. ಅವರು ಅದಕ್ಕೆ ಬಂದವರಲ್ಲ."

"ಗಂಡಸರ ಮಧ್ಯೆ ಹೆಣ್ಣುಮಗಳನ್ನ ಕೂರಿಸಿಕೊಂಡಿದೀಯಲ್ಲೋ, ಬುದ್ಧಿ ಇದೆಯಾ ನಿನಗೆ?" ಎಂದವನೇ ಜೆಮಾಲ್ ಪಕ್ಕದ ಮನೆಗೆ ನಡೆದ. ಎಲಿಯೋ ಹಿಂದೆಯೇ ಓಡಿ, ಹೆಂಗಸರ ಕೋಣೆಯ ಹೊಸ್ತಿಲಲ್ಲಿ ನಿಂತುಬಿಟ್ಟ. ಒಳಗೆ ಸಬ್ರಿಯ ಹೆಂಡತಿ ಜೆನೆಪೆ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡಳು. ಟಿ.ವಿ. ನೋಡಿ ನೋಡಿ ಇಟಲಿಯ ಮಾತು ಕಲಿತವಳು ಅವಳು.

"ಅಷ್ಟು ದೂರದಿಂದ ಮುಖ ತೋರಿಸಿದೆಯಲ್ಲ ಮಗಳೇ. ದೇವರು ನಿನ್ನ ಮನೆಗೆ ಇಂಥದ್ದು ತರದಿರಲಿ."

ಮೇಡಂ ಪರದೆಗೆ ಮುಖ ಹತ್ತಿರ ತಂದಳು. ಆಮೇಲೆ ಕೇಳಿದಳು, "ಯಾರು ತೀರಿಕೊಂಡದ್ದು ಅಮ್ಮಾ?"

"ನನ್ನ ಸಬ್ರಿ. ಬಂದರಿನಲ್ಲಿ ಸಿಮೆಂಟು ಮೂಟೆ ಹೊತ್ತವನು, ಎದೆ ತುಂಬ ಅದೇ ಪುಡಿ. ಈ ಹುಡುಗನ ಗೋಡೆಗೆ ಒರಗಿಕೊಂಡೇ ಕೆಮ್ಮೋನು."

"ಆ ಕೆಮ್ಮು ನನಗೆ ಗೊತ್ತು," ಎಂದಳು ಮೇಡಂ. "ತನ್ನ ತಂದೆಯದು ಅಂತ ಎಲಿಯೋ ಹೇಳ್ತಿದ್ದ."

ಜೆನೆಪೆ ತಲೆಯೆತ್ತಿ ಹೊಸ್ತಿಲ ಕಡೆ ನೋಡಿದಳು. ಜೆಮಾಲನೂ ನೋಡಿದ. ಎಲಿಯೋ ಕೈಯಲ್ಲಿದ್ದ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ.

"ಹಾಗಂದನಾ?" ಎಂದಳು ಜೆನೆಪೆ. ಪಕ್ಕದ ಹೆಂಗಸರಿಗೆ ತಮ್ಮ ಭಾಷೆಯಲ್ಲಿ ಅದನ್ನೇ ಮತ್ತೊಮ್ಮೆ ಹೇಳಿದಳು. ಯಾರೂ ನಗಲಿಲ್ಲ.

"ಎಲಿಯೋ, ಅಲ್ಲೇ ಇದೀಯಾ?" ಮೇಡಂ ಕರೆದಳು.

"ಇದೀನಿ ಮೇಡಂ."

"ತಂದೆ ಹೋದರೆ ಕಂಪನಿ ಮೂರು ದಿನ ರಜೆ ಕೊಡುತ್ತೆ. ತಗೋ. ನೀನು ಎಲ್ಲಿದೀಯ ಅಂತ ನಾಲ್ಕನೇ ದಿನ ಕೇಳ್ತೀನಿ."

ಪರದೆ ಕಪ್ಪಾಯಿತು. ಜೆನೆಪೆ ಅದನ್ನು ಸೆರಗಿನಂತಿದ್ದ ತನ್ನ ಕರಿಯ ವಸ್ತ್ರದ ಅಂಚಿನಿಂದ ಒರೆಸಿ ಅವನ ಕೈಗೆ ಕೊಟ್ಟಳು.

ಕಂಪ್ಯೂಟರನ್ನು ಎದೆಗವಚಿಕೊಂಡು ಎಲಿಯೋ ತನ್ನ ಮನೆಗೆ ಬಂದ. ಎಲ್ಲಾದರೂ ಒಂಟಿಯಾಗಿ ಕೂರಬೇಕೆನ್ನಿಸುತ್ತಿತ್ತು. ಕೆಳಗೆ ಮೆಟ್ಟಿಲಲ್ಲಿ ಇನ್ನಷ್ಟು ಜನ ಬರುವ ಸದ್ದಾಯಿತು. ಅವನ ಹಿಂದೆಯೇ ಬಂದ ಜೆಮಾಲ್ ತನ್ನ ಮೊದಲ ಕುರ್ಚಿಯಲ್ಲಿ ಕೂರದೆ ಎರಡನೆಯದರ ಮುಂದೆ ನಿಂತ. ಅಲ್ಲಿದ್ದವನು ಎದ್ದು ಮೂರನೆಯದಕ್ಕೆ ಸರಿದ. ಹಾಗೇ ಒಬ್ಬೊಬ್ಬರಾಗಿ, ಏನೂ ಕೇಳದೆ, ಕಿಟಕಿಯವರೆಗೂ ಸಾಲಿಗೆ ಸಾಲೇ ಸರಿದು ಮೊದಲ ಕುರ್ಚಿ ಖಾಲಿ ಉಳಿಯಿತು.

"ಅದನ್ನ ಕೆಳಗಿಡು," ಎಂದ ಜೆಮಾಲ್. "ಬಲಗೈ ಖಾಲಿ ಇರಬೇಕು."