ನೀಲಿ ಬಾಣ

ಅಕ್ಕ ಬೆಳಿಗ್ಗೆ ಬಂದು ಗೋಡೆಯನ್ನು ಎರಡು ಬೆರಳು ಬಲಕ್ಕೆ ತಳ್ಳಿಸಿ ಹೋದಳು. ಮಧ್ಯಾಹ್ನ ತಂಗಿ ಬಂದು ಮೂರು ಬೆರಳು ಎಡಕ್ಕೆ ತಳ್ಳಿಸಿದಳು. ಪುಣ್ಯಕ್ಕೆ ಗೋಡೆ ಇನ್ನೂ ನನ್ನ ಕಂಪ್ಯೂಟರಿನೊಳಗೇ ಇತ್ತು. ನಿಜವಾದ ಗೋಡೆಯಾಗಿದ್ದರೆ ಆ ಒಂದು ವಾರದ ಓಡಾಟಕ್ಕೆ ಸವೆದು ಹಪ್ಪಳವಾಗುತ್ತಿತ್ತು.

ಇಬ್ಬರದೂ ಸೇರಿ ಒಂದೇ ಕನ್ನಡಕದ ಅಂಗಡಿ. ಒಬ್ಬ ಗಿರಾಕಿಯ ಒಂದೇ ಕಣ್ಣಿಗೆ ಇಬ್ಬರೂ ಬೇರೆ ಬೇರೆ ನಂಬರ್ ಬರೆದುಕೊಟ್ಟ ದಿನ ಶುರುವಾದ ಜಗಳ, ಅಂಗಡಿಯ ನಡುವೆ ಹಲಗೆಯ ಗೋಡೆ ಹಾಕಿಸುವವರೆಗೆ ಬಂದಿತ್ತು. ಆ ಗಿರಾಕಿ ಇವತ್ತಿಗೂ ಒಂದು ಕಣ್ಣು ಮುಚ್ಚಿಕೊಂಡೇ ರಸ್ತೆ ದಾಟುತ್ತಾನೆ, ನಾನೇ ಕಂಡಿದ್ದೇನೆ. ನಕ್ಷೆ ಬರೆಯುವ ಕೆಲಸ ನನಗೆ ಬಂತು. ಬರದೆ ಎಲ್ಲಿಗೆ ಹೋಗುತ್ತದೆ? ನಾನು ಎಳೆದ ಗೆರೆಯ ಮೇಲೆ ಇರುವೆ ಬಿಟ್ಟರೆ ಅದು ಸಾಯುವವರೆಗೂ ನೆಟ್ಟಗೇ ನಡೆಯುತ್ತದೆ.

ಅಂಗಡಿಯನ್ನು ಆಕಾಶದಿಂದ ನೋಡಿದ ಹಾಗೆ ಬರೆದಿದ್ದೆ. ಗೋಡೆಯನ್ನು ಒತ್ತಿದರೆ ಅದರ ಮೇಲೆ ಎರಡು ಬಾಣ ಮೂಡುತ್ತವೆ. ಕೆಂಪನ್ನು ಹಿಡಿದರೆ ಎಡ ಬಲ, ಹಸಿರನ್ನು ಹಿಡಿದರೆ ಹಿಂದೆ ಮುಂದೆ. ಹಿಡಿದ ಬಾಣದ ದಾರಿ ಬಿಟ್ಟು ಗೋಡೆ ಕೂದಲೆಳೆಯಷ್ಟೂ ಅತ್ತಿತ್ತ ಹೋಗದು. ಅಕ್ಕ ತಂಗಿಯರ ಕಣ್ಣಿಗೆ ಕಾಣುತ್ತಿದ್ದದ್ದು ಕೆಂಪು ಬಾಣ ಒಂದೇ.

“ನಿಜ ಹೇಳಿ, ನಿನ್ನೆ ಅವಳು ಬಂದಿದ್ಲಲ್ವಾ?” ಎಂದಳು ಅಕ್ಕ.

“ಯಾರು?”

“ನಾಟಕ ಬೇಡ. ನನ್ನ ಕಡೆ ಹದಿಮೂರು ಟೈಲ್ಸ್ ಇತ್ತು. ಈಗ ಹನ್ನೆರಡೂ ಮುಕ್ಕಾಲು.”

ತಂಗಿ ಇನ್ನೂ ಘಾಟಿ. ಅಂಗಡಿಯಿಂದ ಭೂತಗನ್ನಡಿ ತಂದು ನನ್ನ ಪರದೆಗೆ ಹಿಡಿದಳು. “ಈ ಗೆರೆ ಅವಳ ಕಡೆಯಿಂದ ತೆಳ್ಳಗೆ, ನನ್ನ ಕಡೆಯಿಂದ ದಪ್ಪ. ಏನ್ ಕೊಟ್ಲು ನಿಮ್ಗೆ?” ನಾನು ಅವಳಿಗೆ ಕೊಟ್ಟದ್ದೂ ಟೀ, ಅಕ್ಕನಿಗೆ ಕೊಟ್ಟದ್ದೂ ಟೀ. ಇಬ್ಬರೂ ಮೊದಲು ನನಗೆ ಕುಡಿಸಿ ನೋಡಿ ಆಮೇಲೆ ಕುಡಿದರು.

ಶನಿವಾರ ಅವರ ಅಪ್ಪ ಬಂದ. ನಲವತ್ತು ವರ್ಷದಿಂದ ಅಂಗಡಿಯ ನಟ್ಟನಡುವೆ ಬೆಂಚು ಹಾಕಿಕೊಂಡು ಗಾಜು ಉಜ್ಜುತ್ತಿರುವ ಮನುಷ್ಯ. ಅವನು ಉಜ್ಜಿದ ಗಾಜಿನಲ್ಲಿ ನೋಡಿದರೆ ನಾಳೆಯ ಪೇಪರನ್ನೂ ಓದಬಹುದು.

“ಗೋಡೆ ಎಲ್ಲಿ ಬಂದ್ರೂ ನನ್ನ ಬೆಂಚು ಒಂದು ಕಡೆಗೆ ಹೋಗ್ಲೇಬೇಕು, ಅಲ್ವೇನಪ್ಪಾ?”

“ಹೌದು ಯಜಮಾನ್ರೇ. ಯಾವ ಕಡೆ ಅಂತ ನೀವೇ ಹೇಳ್ಬೇಕು.”

“ಇಬ್ರೂ ಕರೀತಿದಾರೆ. ಒಬ್ಬಳ ಹತ್ರ ಕೂತ್ರೆ ಇನ್ನೊಬ್ಬಳು ಜನ್ಮದಲ್ಲಿ ನನ್ನ ಮುಖ ನೋಡಲ್ಲ.”

ಮುದುಕನಿಗೆ ಚೆನ್ನಾಗಿ ಕಾಣಲಿ ಎಂದು ಚಿತ್ರವನ್ನು ಓರೆಯಾಗಿ ತಿರುಗಿಸಿದೆ. ಮೇಲಿಂದ ನೋಡುವಾಗ ಕಾಣದೆ ಅಷ್ಟು ದಿನ ಮಲಗಿದ್ದ ಮೂರನೆಯ ಬಾಣ ಗೋಡೆಯ ಮೇಲೆ ಎದ್ದು ನಿಂತಿತು.

“ಈ ನೀಲಿದು ಯಾತಕ್ಕೆ?”

“ಮೇಲಕ್ಕೆ ಎತ್ತೋಕೆ.”

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಎತ್ತಿದ್ರೆ ಹುಡುಗೀರಿಗೆ ಗೊತ್ತಾಗುತ್ತಾ?”

“ಮೇಲಿಂದ ನೋಡೋರಿಗೆ ಗೊತ್ತಾಗಲ್ಲ. ದೇವರೇ ನೋಡಿದ್ರೂ ಅಷ್ಟೇ.”

“ಹಾಗಾದ್ರೆ ನಾನು ಕೂತಾಗ ತಲೆಗೆ ತಾಗದಷ್ಟು ಎತ್ತು.”

ನೀಲಿ ಬಾಣ ಹಿಡಿದು ನಾಲ್ಕೂವರೆ ಅಡಿ ಎತ್ತಿದೆ. ಸೂರಿನಿಂದಾಚೆ ಹೋದದ್ದನ್ನು ಕತ್ತರಿಸಿದೆ. ನೆಲದ ಮೇಲೆ ನಿಂತಿದ್ದ ಗೋಡೆ ಸೂರಿನಿಂದ ನೇತಾಡತೊಡಗಿತು.

ಸೋಮವಾರ ಅಕ್ಕ ತಂಗಿ ಒಟ್ಟಿಗೇ ಬಂದರು. ನಡುವೆ ಒಂದು ಲಾರಿ ಹೋಗುವಷ್ಟು ಜಾಗ ಬಿಟ್ಟು ನಿಂತರು. ಚಿತ್ರವನ್ನು ಮತ್ತೆ ಆಕಾಶದಿಂದ ನೋಡಿದ ಹಾಗೆ ತಿರುಗಿಸಿ, ಅವರ ಕಣ್ಣೆದುರೇ ಗೋಡೆಯನ್ನು ಅಂಗಡಿಯ ನಡುಗೆರೆಗೆ ತಂದು ಕೂರಿಸಿದೆ. ಅಳೆದರು. ಭೂತಗನ್ನಡಿ ಕೈ ಬದಲಾಯಿತು. ಮತ್ತೆ ಅಳೆದರು. “ಇದು ಪಕ್ಕದಿಂದ ನೋಡಿದ ನಕ್ಷೆ,” ಎಂದು ಎರಡನೆಯ ಹಾಳೆ ಮುಂದಿಟ್ಟೆ. ನಾನು ತುಂಟ ಇರಬಹುದು, ಕಳ್ಳನಲ್ಲ. “ಅದೆಲ್ಲ ಬೇಡ. ಎಡ ಬಲ ಸರಿ ಇದೆ ತಾನೇ?” ಎಂದು ಇಬ್ಬರೂ ಎರಡಕ್ಕೂ ಸಹಿ ಹಾಕಿದರು. ಊರಿನವರ ಕಣ್ಣೆಲ್ಲ ಪರೀಕ್ಷೆ ಮಾಡುವವರು!

ಬಡಗಿ ನಕ್ಷೆಯಲ್ಲಿದ್ದಂತೆಯೇ ಹಲಗೆ ಹೊಡೆದ. ಕೆಲಸ ಮುಗಿದ ದಿನ ನಾನೂ ಹೋಗಿದ್ದೆ. ಅಕ್ಕ ಆ ಕಡೆ, ತಂಗಿ ಈ ಕಡೆ ನಿಂತು, ಇನ್ನೊಬ್ಬಳೇನಾದರೂ ಜಾಗ ಒತ್ತಿಕೊಂಡಿದ್ದಾಳೋ ಎಂದು ಒಂದೇ ಸಲ ಕತ್ತು ಬಗ್ಗಿಸಿದರು. ಹಲಗೆಯ ಕೆಳಗೆ ಮೂಗಿಗೆ ಮೂಗು. ನಡುವೆ, ಅರ್ಧ ಅಲ್ಲಿ ಅರ್ಧ ಇಲ್ಲಿ, ಅಪ್ಪನ ಬೆಂಚು. ಅವನು ತಲೆ ಎತ್ತದೆ ಗಾಜು ಉಜ್ಜುತ್ತಿದ್ದ.

“ನೀನೇ ಎತ್ತಿಸಿದ್ದು ಕಣೇ ಇದನ್ನ,” ಎಂದಳು ಅಕ್ಕ.

“ನಾನ್ಯಾಕೆ ಎತ್ತಿಸ್ಲಿ? ನಿಂಗೇ ನನ್ನ ಮುಖ ನೋಡ್ದೆ ನಿದ್ದೆ ಬರಲ್ಲ.”

ಆ ನಿದ್ದೆಯ ಮಾತನ್ನು ಇಬ್ಬರೂ ಅಲ್ಲಗಳೆಯಲಿಲ್ಲ. ಬದಲಿಗೆ ಇಬ್ಬರೂ ನನ್ನನ್ನು ನೋಡಿದರು. ಜೀವಮಾನದಲ್ಲಿ ಬಾಯಿ ಮುಚ್ಚದ ನಾನು ಅಂದು ಸೂರನ್ನು ನೋಡುತ್ತಾ ನಿಂತೆ.

ಹದಿನೈದು ದಿನ ಕಳೆದು ಅಕ್ಕ ನನ್ನ ಆಫೀಸಿಗೆ ಬಂದಳು. ಒಂದು ಕೈ ಕತ್ತಿನ ಹಿಂದೆ ಇತ್ತು.

“ಬಗ್ಗಿ ಬಗ್ಗಿ ಕತ್ತು ಹಿಡ್ಕೊಂಡಿದೆ. ಗೋಡೆ ಒಂದು ಅಡಿ ಸರಿಸ್ಬೇಕು. ಅವಳಿಗೆ ಹೇಳ್ಬೇಡಿ.”

ಮತ್ತೆ ಶುರುವಾಯಿತಲ್ಲ ಎಂದುಕೊಂಡು ನಕ್ಷೆ ತೆರೆದೆ. ಬಡಗಿಗೆ ತೋರಿಸಲು ಓರೆ ಮಾಡಿದ್ದ ಚಿತ್ರ ಹಾಗೇ ಇತ್ತು. ಕೆಂಪು ಬಾಣ ಹಿಡಿದು, “ಎಡಕ್ಕೋ, ಬಲಕ್ಕೋ?” ಎಂದೆ.

ಅವಳು ಬಾಗಿಲ ಕಡೆ ಒಮ್ಮೆ, ಕಿಟಕಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಬಂದು ಪರದೆಯ ಮೇಲೆ, ನೀಲಿ ಬಾಣದ ತುದಿಗೆ ಬೆರಳಿಟ್ಟಳು.